ಕರಿಗಲ್ಲಿನೊಳಗಿನ ಹಸಿರು

“ಗುರುಗಳೇ, ಕಣ್ಣಿಗೆ ಕಾಣದ ಆಳದ ವಿಷಯವಾಗಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವರಲ್ಲಿ ಅದನ್ನು ನಿಜವಾಗಿ ಕಂಡವರು ಯಾರೆಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಮರುಳಪ್ಪ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ನೆಲವು ಎರಡು ಕಡೆಗೆ ಎಳೆದುಕೊಂಡು ನಡುವೆ ಕುಸಿದಿದ್ದ ಒಂದು ಸೀಮೆ. ಆ ತಗ್ಗಿನಲ್ಲಿ ಒಂದು ಊರು. ಒಂದು ಬೇಸಿಗೆಯಲ್ಲಿ ಊರಾಚೆ ನೆಲ ಬಿರಿದು, ಕೆಂಡದಂಥ ಕಲ್ಲಿನ ರಸ ಉಕ್ಕಿತು. ಹೊಲ, ದಾರಿಗಳ ಮೇಲೆ ಹರಿದು, ತಣಿದು, ಕರಿಗಲ್ಲಾಯಿತು.

ಹೆದರಿದವರಿಗೆ ತಪ್ಪಿತಸ್ಥರು ಬೇಗ ಸಿಗುತ್ತಾರೆ. ಬಿರುಕಿನ ಹತ್ತಿರ ಒಬ್ಬ ಕುಂಬಾರತಿ ಮಣ್ಣು ತೋಡಿ, ಮಡಕೆ ಸುಡುವ ಆವಿಗೆ ಹಾಕಿಕೊಂಡಿದ್ದಳು. ಅವಳ ಬೆಂಕಿಯೇ ನೆಲಕ್ಕಿಳಿದು ಕಲ್ಲನ್ನು ಕರಗಿಸಿತು ಎಂದರು ಜನ. ಪಾತಾಳವನ್ನೆಲ್ಲ ಧ್ಯಾನದಲ್ಲಿ ಕಂಡಿದ್ದೇನೆ ಎನ್ನುತ್ತಿದ್ದ ಒಬ್ಬ ಕಣಿ ಹೇಳುವವನು ಅದಕ್ಕೆ ತಲೆದೂಗಿದ. ಹದಿನೈದು ದಿನದೊಳಗೆ ಅವಳು ಊರು ಬಿಡಬೇಕೆಂದು ಗೌಡ ಅಪ್ಪಣೆ ಮಾಡಿದ. ಮುಚ್ಚಿಹೋದ ದಾರಿಯನ್ನು ಬಿಡಿಸಲು ಒಬ್ಬ ಕಲ್ಲುಕುಟಿಗನನ್ನು ಕರೆಸಿದ.

ಕಲ್ಲುಕುಟಿಗನೂ ಮೊದಲು ಜನರ ಮಾತನ್ನೇ ನಂಬಿದ್ದ. ಮೂರನೆಯ ದಿನ ಒಂದು ಬಂಡೆ ಒಡೆಯಿತು. ಕಪ್ಪಿನ ನಡುವೆ ಮುಷ್ಟಿಯಷ್ಟು ದೊಡ್ಡ ಗಂಟು, ತುಂಬ ಗಿಳಿಹಸಿರು ಹರಳುಗಳು. ಅವನು ಸುತ್ತಿಗೆ ಕೆಳಗಿಟ್ಟ. ನಲವತ್ತು ವರ್ಷ ಕಲ್ಲು ಒಡೆದವನು ಅಂಥ ಕಲ್ಲನ್ನು ಕಂಡಿರಲಿಲ್ಲ. ಗಂಟಿನ ಅಂಚುಗಳು ಒಡೆದ ಚೂರಿನಂತೆ ಚೂಪಾಗಿಯೇ ಇದ್ದವು. ಇದು ಈ ರಸದಲ್ಲಿ ಹುಟ್ಟಿದ್ದಲ್ಲ, ಬರುವ ದಾರಿಯಲ್ಲಿ ಕಿತ್ತುಕೊಂಡು ಬಂದದ್ದು ಎಂದು ಅವನ ಕೈಗೆ ತಿಳಿಯಿತು.

ಅವನು ಕೆಲಸ ಬಿಟ್ಟು ನಡೆದ. ತಗ್ಗಿನ ಎರಡೂ ದಡದ ಬೆಟ್ಟಗಳನ್ನು ನೋಡಿದ. ಹೊಳೆಯ ಪಾತ್ರ ನೋಡಿದ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಆ ಸೀಮೆಯ ಅತಿ ಆಳದ ಬಾವಿಗಳಿಗೆ ಇಳಿದ. ಹಸಿರು ಕಲ್ಲು ಎಲ್ಲಿಯೂ ಇರಲಿಲ್ಲ. ಹನ್ನೊಂದನೆಯ ದಿನ ಕುಂಬಾರತಿಯ ಬಾಗಿಲಿಗೆ ಬಂದ.

“ತಾಯಿ, ಈ ಕರಿಗಲ್ಲನ್ನು ನಿನ್ನ ಆವಿಗೆಯ ನಡುವೆ ಇಟ್ಟು ಸುಡು.”

“ಅಯ್ಯಾ, ಈಗ ಬೆಂಕಿ ಹಚ್ಚಿದರೆ ನನ್ನನ್ನು ಉಳಿಸುತ್ತಾರೆಯೇ?”

“ಹಚ್ಚದಿದ್ದರೆ ಉಳಿಸುತ್ತಾರೆಯೇ?”

ಅವಳು ಇದ್ದಬದ್ದ ಸೌದೆಯನ್ನೆಲ್ಲ ಒಟ್ಟಿ ಊರೆದುರಿಗೇ ಬೆಂಕಿ ಹಚ್ಚಿದಳು. ಇಡೀ ದಿನ ಉರಿಸಿದಳು. ಮಡಕೆಗಳು ಬೆಂದವು. ಕಲ್ಲು ಕೆಂಪಗೆ ಕಾಯಿತೇ ಹೊರತು ಒಂದು ಮೂಲೆಯೂ ಕರಗಲಿಲ್ಲ.

ಆಗ ಕಲ್ಲುಕುಟಿಗ ಹಸಿರು ಗಂಟನ್ನು ಗೌಡನ ಕೈಗಿಟ್ಟ. “ಒಡೆಯಾ, ಇದು ನಮ್ಮ ಬೆಟ್ಟಗಳದ್ದಲ್ಲ, ಬಾವಿಗಳದ್ದಲ್ಲ. ಅವೆಲ್ಲಕ್ಕಿಂತ ಕೆಳಗಿನದು. ಗಣಿಯಲ್ಲಿ ಮೇಲಿನ ಹಾಸು ತೆಗೆದಾಗ ಅಡಿಯ ಬಂಡೆ ತಾನಾಗಿ ಸಿಡಿದು ಏಳುವುದನ್ನು ನೋಡಿದ್ದೇನೆ. ಇಲ್ಲಿ ನೆಲವೇ ಎಳೆದು ತೆಳ್ಳಗಾಗಿದೆ. ಮೇಲಿನ ಭಾರ ಇಳಿದದ್ದರಿಂದ, ಆಳದಲ್ಲಿ ಮೊದಲೇ ಕಾದಿದ್ದು ಆ ಭಾರದ ಒತ್ತಡಕ್ಕೆ ಕರಗದೆ ಉಳಿದಿದ್ದ ಬಂಡೆ ಮೇಲೆದ್ದು ಕರಗಿರಬೇಕು. ಯಾರೂ ಬೆಂಕಿ ಹಚ್ಚಬೇಕಾಗಿಲ್ಲ.”

“ಎಷ್ಟು ಆಳ?”

“ಅದು ನನಗೆ ಗೊತ್ತಿಲ್ಲ.”

ಜನ ನಕ್ಕರು. ಕಣಿ ಹೇಳುವವನು ಆಳವನ್ನು ಗೇಣು ಅಂಗುಲಗಳ ಲೆಕ್ಕದಲ್ಲಿ ಹೇಳಿದ. ಗೌಡ ನಗಲಿಲ್ಲ. ಕರಗದ ಕರಿಗಲ್ಲನ್ನೂ ಕೈಯಲ್ಲಿದ್ದ ಹಸಿರನ್ನೂ ಬಹಳ ಹೊತ್ತು ನೋಡಿದ. ಅಪ್ಪಣೆಯನ್ನು ಹಿಂದೆ ತೆಗೆದುಕೊಂಡ. ಕುಂಬಾರತಿ ಊರಲ್ಲೇ ಉಳಿದಳು. ಕಲ್ಲುಕುಟಿಗ ದಾರಿ ಬಿಡಿಸುವ ಕೆಲಸಕ್ಕೆ ಮರಳಿದ. ಅಂದಿನಿಂದ ಒಡೆದ ಪ್ರತಿಯೊಂದು ಕಲ್ಲನ್ನೂ ತಿರುಗಿಸಿ ನೋಡಿಯೇ ಬದಿಗಿಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪನ ಮುಖ ಅರಳಿತ್ತು. “ಹಾಗಾದರೆ ಗುರುಗಳೇ, ಆಳವನ್ನು ಕಂಡವನು ಆ ಕಲ್ಲುಕುಟಿಗನೇ!”

“ಅವನು ಕಂಡದ್ದು ಆಳದಿಂದ ಬಂದ ಒಂದು ಕಲ್ಲನ್ನು; ಆಳ ಗೊತ್ತಿಲ್ಲವೆಂದು ಅವನೇ ಹೇಳಿದ. ಆಳ ಕಂಡವನನ್ನು ಹುಡುಕುತ್ತಿರುವವನು ನೀನು,” ಎಂದರು ಗುರುಗಳು.