ದೀಪದ ಬಳಿಗೆ ಹೋದ ರಕ್ಕಸ

ಈ ಕತೆಯನ್ನು ನನಗೆ ಹೇಳಿದವರು ನನ್ನ ಸೋದರಮಾವ ಅಡಿವೆಪ್ಪನವರು. ಮಠಕ್ಕೆ ಹಾಲು ಕೊಟ್ಟು ಬರಲು ಹೋದಾಗ ಅಜ್ಜಾರ ಎದುರಿಗೆ ಕೂತು ಅವರು ಕಿವಿಯಾರೆ ಕೇಳಿದ್ದು. ಅಜ್ಜಾರು ಎಂದರೆ ನಮ್ಮ ಮಠದ ಸ್ವಾಮಿಗಳು. ಮಾವ ಇಲ್ಲದ್ದನ್ನು ಸೇರಿಸುವವರಲ್ಲ. ನಾನೂ ಸೇರಿಸಿಲ್ಲ.

ಆ ದಿನ ಅಜ್ಜಾರ ಶಿಷ್ಯನೊಬ್ಬ ಬಂದಿದ್ದ. ಟೀವಿ ಧಾರಾವಾಹಿ ಮಾಡಿಸುವುದು ಅವನ ಕಸುಬು. ಪಾದಕ್ಕೆ ಎರಗಿ ಕೂತವನೇ ಕೇಳಿದ:

"ಅಜ್ಜಾರೆ, ನೋಡುವವರ ಮಾತನ್ನು ಎಷ್ಟರ ಮಟ್ಟಿಗೆ ಕೇಳಬೇಕು?"

"ಏನನ್ನು ನೋಡುವವರು?"

ಶಿಷ್ಯ ಬಿಡಿಸಿ ಹೇಳಿದ. ಗಣಿಯ ಆಳದಿಂದ ಎದ್ದು ಬಂದು ಊರುಗಳನ್ನು ತುಳಿಯುವ ಒಬ್ಬ ದೈತ್ಯನ ಸಿನಿಮಾ ಬಂದಿತ್ತು. ಜನ ಮುಗಿಬಿದ್ದು ನೋಡಿದರು. ಅದರ ಬೆನ್ನಿಗೆ ಇನ್ನೆರಡು ಬಂದವು. ಈಗ ಅದೇ ದೈತ್ಯನನ್ನು ಧಾರಾವಾಹಿ ಮಾಡಿ ಇವನು ಮನೆಮನೆಗೆ ತಂದಿದ್ದಾನೆ. ನೋಡಿದವರು ಮೊಬೈಲಿನಲ್ಲಿ ಅಭಿಪ್ರಾಯ ಬರೆಯುತ್ತಾರೆ. 'ದೈತ್ಯ ಮುಖ ತೋರಿಸುವುದೇ ಇಲ್ಲ, ಬರೀ ಸಂಸಾರದ ಗೋಳು' ಎಂದು ಒಬ್ಬರು. 'ಬಂದರೂ ಗೋಡೆಯ ಹಲ್ಲಿಯ ಹಾಗೆ ಕಾಣುತ್ತಾನೆ' ಎಂದು ಇನ್ನೊಬ್ಬರು. 'ಸಿನಿಮಾ ನೋಡಿ ನಡುಗಿದ್ದೆವು, ಇದನ್ನು ನೋಡುತ್ತ ಅವರೆಕಾಯಿ ಸುಲಿದು ಮುಗಿಸಿದೆವು' ಎಂದು ಮತ್ತೊಬ್ಬರು. ಆದರೆ ಒಂದು ಮಾತನ್ನು ಎಲ್ಲರೂ ಹೇಳುತ್ತಾರೆ. ಧಾರಾವಾಹಿಯಲ್ಲಿ ಮಗುವನ್ನು ಕಳೆದುಕೊಂಡ ತಾಯಿ ಕಿರುಚುವುದಿದೆಯಲ್ಲ, ಅದು ಸುಳ್ಳು ಕಿರುಚಾಟ.

"ಅದಕ್ಕೊಂದು ಉಪಾಯ ಮಾಡಿದ್ದೇನೆ" ಎಂದ ಶಿಷ್ಯ. "ನಾಳೆ ಆ ತಾಯಿಯ ಪಾತ್ರದವಳು ಗುಡಿಸಲೊಳಗೆ ನಿಂತಿರುವಾಗ ನಿಜವಾದ ಬೆಂಕಿಯನ್ನೇ ಹಚ್ಚಿಸುತ್ತೇನೆ. ಆಕೆಗೆ ಮೊದಲೇ ತಿಳಿಸುವುದಿಲ್ಲ. ಆಗ ಬರುವ ಕೂಗನ್ನು ಯಾರು ಸುಳ್ಳು ಎನ್ನುತ್ತಾರೆ ನೋಡೋಣ. ತಪ್ಪಿಲ್ಲವಲ್ಲ, ಅಜ್ಜಾರೆ? ಜನ ಕೇಳಿದ್ದನ್ನೇ ತಾನೆ ಕೊಡುವುದು?"

ಅದಕ್ಕೆ ಅಜ್ಜಾರು ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ತೊಗಲುಗೊಂಬೆ ಆಡಿಸುವವನೊಬ್ಬನಿದ್ದ. ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಿನಲ್ಲಿ ದೊಡ್ಡ ಪರದೆ ಕಟ್ಟಿ ರಕ್ಕಸನ ಆಟ ಆಡುತ್ತಿದ್ದ. ಪರದೆಯ ಹಿಂದೆ ಹರಳೆಣ್ಣೆಯ ದೀಪ. ದೀಪದ ಪಕ್ಕದಲ್ಲಿ ಅವನ ಹೆಂಡತಿ. ದೀಪಕ್ಕೆ ಎಣ್ಣೆ ಎರೆಯುವವಳೂ ಆಕೆಯೇ, ರಕ್ಕಸನ ಬಾಯಿಗೆ ಮಗುವನ್ನು ಕಳೆದುಕೊಂಡ ತಾಯಿಗೆ ದನಿ ಕೊಡುವವಳೂ ಆಕೆಯೇ. ಆಕೆ ಅತ್ತರೆ ಬಯಲಿಗೆ ಬಯಲೇ ಅಳುತ್ತಿತ್ತು.

ಗೊಂಬೆಗೆ ಒಂದು ಗುಣವಿದೆ. ಪರದೆಗೆ ಒತ್ತಿ ಹಿಡಿದರೆ ನೆರಳು ಚಿಕ್ಕದು, ಆದರೆ ಕಣ್ಣು ಮೂಗು ತಿಳಿಯಾಗಿ ಕಾಣುತ್ತವೆ. ದೀಪದ ಕಡೆಗೆ ತಂದಷ್ಟೂ ನೆರಳು ಬೆಳೆಯುತ್ತದೆ, ಗೆರೆ ಮಸುಕಾಗುತ್ತದೆ. "ದೀಪಕ್ಕೂ ಗೊಂಬೆಗೂ ನಡುವೆ ಒಂದು ಆಳು ಕೂರುವಷ್ಟು ಜಾಗ ಬಿಡು" ಎಂದು ಅವನ ತಂದೆ ಹೇಳಿ ಹೋಗಿದ್ದ. ಅವನೂ ಹಾಗೆಯೇ ಬಿಡುತ್ತಿದ್ದ.

ಒಮ್ಮೆ ಒಬ್ಬ ಸಾಹುಕಾರ ಅವನನ್ನು ಕರೆಸಿದ. "ಬಯಲಾಗ ಚಳಿಯೊಳಗ ಕುಂತು ಯಾಕ ನೋಡಬೇಕು? ನಮ್ಮ ಪಡಸಾಲ್ಯಾಗ ಆಡು. ದಿನಾ ಒಂದೀಟು ಆಡು" ಎಂದ. ಗೊಂಬೆಯವ ಒಪ್ಪಿದ. ಪಡಸಾಲೆ ಸಣ್ಣದು. ಪರದೆ ಒಂದು ಧೋತರದ ಅಗಲ. ರಕ್ಕಸನೂ ಅಷ್ಟಕ್ಕೇ ಇಳಿದ.

ಮೊದಲ ದಿನದ ಆಟ ಮುಗಿಯಿತು. ಸಾಹುಕಾರ ಎಲೆ ಜಗಿಯುತ್ತ ಹೇಳಿದ: "ಬಯಲಾಗ ತಾಳೆಮರದಂಗ ಇದ್ದ ರಕ್ಕಸ, ನಮ್ಮ ಮನಿಗೆ ಬರೂದ್ರಾಗ ಬೆಕ್ಕಾದನಲ್ಲೋ! ಒಂದು ಬಟ್ಟಲ ಹಾಲಿಟ್ರ ಕುಡದು ಹೋಗ್ತಾನ."

ನೋಡಲು ಕೂತಿದ್ದ ಮನೆಯವರು, ನೆರೆಯವರು ಎಲ್ಲರೂ ನಕ್ಕರು. ಸಾಹುಕಾರನ ತಾಯಿ ತನ್ನದೂ ಒಂದು ಸೇರಿಸಿದಳು: "ಆ ತಾಯಿ ಅಳೂದಂತೂ ಮುಗಿವಲ್ದು. ಅದೂ ಖರೇ ಅಳು ಅಲ್ಲ ಬಿಡು. ನಮ್ಮ ಸೊಸಿ ತವರಮನಿಗೆ ಹೋಗಾಕ ಅಳತಾಳಲ್ಲ, ಹಂಗ."

ಗೊಂಬೆಯವನಿಗೆ ಆ ಮಾತು ನಾಟಿತು. ಮರುದಿನ ರಕ್ಕಸನನ್ನು ದೀಪದ ಕಡೆಗೆ ಒಂದು ಗೇಣು ತಂದ. ನೆರಳು ಬೆಳೆಯಿತು, ಜನ ತಲೆದೂಗಿದರು. ರಕ್ಕಸನಿಗೆ ಕೂದಲು ಹಾರಬೇಕು ಎಂದರು. ಸೆಣಬಿನ ಕೂದಲು ಹಚ್ಚಿದ. ಇನ್ನೂ ದೊಡ್ಡವನಾಗಲಿ ಎಂದರು. ಇನ್ನೂ ಹಿಂದಕ್ಕೆ ತಂದ. ಹೀಗೆ ದಿನದಿಂದ ದಿನಕ್ಕೆ ತರುತ್ತ ತಂದೆ ಹೇಳಿದ್ದ ಜಾಗ ತೀರಿಹೋಯಿತು.

ಹೆಂಡತಿ ಹೇಳಿದಳು: "ಇನ್ನ ಹಿಂದಕ್ಕ ತರಬ್ಯಾಡ್ರಿ. ಕೂದಲಾ ದೀಪಕ್ಕ ತಾಕತಾವು. ನನಗೂ ಸರಿಯಾಕ ಜಾಗಿಲ್ಲ."

"ನೀ ಖರೇನ ಅತ್ತಿದ್ರ ನಾ ಯಾಕ ರಕ್ಕಸನ್ನ ಇಷ್ಟು ಬೆಳಸ್ತಿದ್ದೆ?" ಎಂದ ಅವನು.

ಆಕೆ ಗಡಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು ದೀಪಕ್ಕೆ ಎಣ್ಣೆ ಎರೆದಳು.

ಆ ಸಂಜೆ ರಕ್ಕಸನ ದವಡೆಯೊಂದೇ ಪರದೆಯ ತುಂಬ ತುಂಬಿತು. "ಇದಪಾ ರಕ್ಕಸ!" ಎಂದು ಸಾಹುಕಾರ ತೊಡೆ ತಟ್ಟಿದ. ಅಷ್ಟರಲ್ಲಿ ಸೆಣಬಿನ ಕೂದಲಿಗೆ ಕಿಡಿ ಹತ್ತಿತು. ಗೊಂಬೆಯವ ಬೆದರಿ ಕೈ ಕೊಡವಿದ. ಉರಿಯುವ ಗೊಂಬೆ ಹೆಂಡತಿಯ ಸೆರಗಿನ ಮೇಲೆ ಬಿತ್ತು. ಎಣ್ಣೆಯ ಗಡಿಗೆ ಉರುಳಿತು.

ಆಕೆ ಕೂಗಿದಳು.

ಪರದೆಯ ಈಚೆ ಜನ ಸೆಟೆದು ಕೂತರು. "ನೋಡು, ಈಗ ಅತ್ತಳು!" ಎಂದಳು ಸಾಹುಕಾರನ ತಾಯಿ.

"ನೀರು! ನೀರು ತರ್ರಿ!" ಗೊಂಬೆಯವ ಒಳಗಿನಿಂದ ಅರಚಿದ.

"ರಕ್ಕಸಗ ನೀರಡಿಕಿ ಆತು ನೋಡ್ರಿ" ಎಂದು ಒಬ್ಬ ನಕ್ಕ. "ಕುಡ್ಯಾಕೋ, ಜಳಕಕ್ಕೋ?" ಎಂದು ಇನ್ನೊಬ್ಬ ಕೂಗಿ ಕೇಳಿದ. ಪಡಸಾಲೆಯೆಲ್ಲ ನಕ್ಕಿತು. ಒಬ್ಬರೂ ಏಳಲಿಲ್ಲ. ನೀರು ತುಂಬಿದ ಹಂಡೆ ಅವರ ಬೆನ್ನ ಹಿಂದೆಯೇ ಇತ್ತು.

ಪರದೆಗೂ ಬೆಂಕಿ ಹತ್ತಿ ಅದು ಕಳಚಿ ಬಿದ್ದ ಮೇಲೆ ಅವರಿಗೆ ಕಂಡಿತು. ಗೊಂಬೆಯವ ಹೆಂಡತಿಯನ್ನು ಕಂಬಳಿಯಲ್ಲಿ ಸುತ್ತಿ ನೆಲಕ್ಕೆ ಒತ್ತಿ ಹಿಡಿದಿದ್ದ. ಅವನ ಎರಡೂ ಕೈ ಬೆಂದಿದ್ದವು.

ಆಕೆ ಬದುಕಿದಳು. ದನಿ ಬದುಕಲಿಲ್ಲ. ಉರಿ ಗಂಟಲಿಗೆ ಇಳಿದಿತ್ತು.

ಮರುದಿನ ಬೆಳಿಗ್ಗೆ ಆಕೆಯನ್ನು ಬಾಳೆ ಎಲೆಯ ಮೇಲೆ ಮಲಗಿಸಿದ್ದರು. ಸಾಹುಕಾರ ಒಂದು ಬಟ್ಟಲು ಬೆಣ್ಣೆ ತಂದು ಪಕ್ಕದಲ್ಲಿಟ್ಟ. ಶಿವನ ಆಟ ಎಂದ. ಲೊಚಗುಟ್ಟಿದ. ಹೋಗುವವನು ಹೊಸ್ತಿಲಲ್ಲಿ ನಿಂತು ತಿರುಗಿದ.

"ಆದದ್ದು ಆಗಿಹೋತು. ನಾಡದ ನಮ್ಮ ಬೀಗರು ಬರೂರದಾರ. ಬ್ಯಾರೆ ಏನೂ ಬ್ಯಾಡ, ಆ ಬೆಂಕಿ ಹತ್ತೂದು ಒಂದಿಷ್ಟು, ಸಣ್ಣಗ ಮಾಡಿ ತೋರಸಾಕ ಬರತೈತೇನು?"

ಅಜ್ಜಾರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ಶಿಷ್ಯ ಉದ್ಗರಿಸಿದ: "ಶಿವ ಶಿವಾ! ಅವರೆಂಥ ಜನ, ಅಜ್ಜಾರೆ! ಒಬ್ಬಳು ಉರಿಯುತ್ತಿದ್ದರೆ ನಗುತ್ತ ಕೂತರಲ್ಲ! ಅವರೇ ಅಲ್ಲವೇ ಆಕೆಯನ್ನು ಸುಟ್ಟವರು?"

ಅಜ್ಜಾರು ಹೇಳಿದರು: "ಅವರು ಕೂತಲ್ಲಿಂದ ಏಳಲೇ ಇಲ್ಲವಪ್ಪ, ಗೊಂಬೆಯನ್ನು ದೀಪದ ಬಳಿಗೆ ಒಯ್ದ ಕೈ ಯಾರದು?"

ಪ್ರಸಾದಕ್ಕೆ ಕರೆದರೂ ಶಿಷ್ಯ ಏಳದೆ ಕೂತಿದ್ದನಂತೆ.

ಓದಿದ ನೀವು ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಸಂಜೆ ಟೀವಿಯ ಮುಂದೆ ಕೂತವರಿಗೆ ಹೇಳಿ. ಟೀವಿಯೊಳಗೆ ಆಟ ಆಡಿಸುವವರು ಯಾರಾದರೂ ಪರಿಚಯವಿದ್ದರೆ, ಅವರಿಗೆ ಮೊದಲು ಹೇಳಿ.