ಮೊಲ ಬಚ್ಚಿಟ್ಟ ಒಂದು ತಿಂಗಳು

ಮಕ್ಕಳೇ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಕತೆ ಬರೆಯುತ್ತಿರುವುದು ಇದೇ ಮೊದಲು. ಎಲ್ಲಿ ನಿಲ್ಲಿಸಬೇಕೆಂದು ನನಗೆ ತಿಳಿಯುವುದಿಲ್ಲ; ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬಿಡಿಸಿ ಹೇಳುತ್ತೇನೆ. ಕತೆ ಕೆಟ್ಟರೆ ತಪ್ಪು ನನ್ನದು, ಮೊಲದ್ದಲ್ಲ. ಅಂದರೆ, ಮೊಲದ ತಪ್ಪೂ ಇದೆ. ಅದನ್ನೇ ಹೇಳಹೊರಟಿದ್ದೇನೆ.

ಒಂದು ಕೆರೆಯ ಪಕ್ಕದಲ್ಲಿ ಹುರುಳಿ ಹೊಲವಿತ್ತು. ಅದರ ಬದುವಿನ ಮೇಲೆ, ಅಂದರೆ ಹೊಲದ ಅಂಚಿನ ಮಣ್ಣಿನ ದಿಬ್ಬದ ಮೇಲೆ, ಒಂದು ಪೊದೆ. ಪೊದೆಯೊಳಗೆ ಒಂದು ಮೊಲ. ಒಂದೇ ಒಂದು. ವರ್ಷವರ್ಷವೂ ನೇಗಿಲು ಬಂದಾಗ ಒಂದೊಂದು ಸಂಸಾರ ಕೆರೆಯಾಚೆಯ ಕಲ್ಲುಗುಡ್ಡಕ್ಕೆ ಹೊರಟುಹೋಗಿ, ಕೊನೆಗೆ ಇದು ಮಾತ್ರ ಉಳಿದಿತ್ತು.

ಸಂಜೆ ನೆರಳು ಉದ್ದವಾದಾಗ ಮೊಲ ಕಿವಿ ಅಲ್ಲಾಡಿಸುತ್ತಿತ್ತು. ನೆರಳೂ ಅಲ್ಲಾಡಿಸುತ್ತಿತ್ತು. "ಊಟ ಆಯ್ತಾ?" ಎಂದು ಮೊಲ ಕೇಳುತ್ತಿತ್ತು. ನೆರಳಿಗೆ ಎಷ್ಟು ಉದ್ದದ ಕಿವಿಯಿದ್ದರೂ ಅದು ಉತ್ತರ ಕೊಡುವುದಿಲ್ಲವಲ್ಲ.

ಒಂದು ದಿನ ಹೊಲದ ಒಡೆಯ ಚಿಕ್ಕೀರಣ್ಣ ಎತ್ತುಗಳನ್ನು ಹೊಡೆದುಕೊಂಡು ಹೊರಟವನು ಮತ್ತೆ ಬರಲಿಲ್ಲ. ಅವನ ಬದಲು ಅರಮನೆಯ ಆಳುಗಳು ಬಂದು ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟರು. ಡಂಗುರದವನು ಕಲ್ಲಿನ ಪಕ್ಕ ನಿಂತು ಸಾರಿದ:

"ಕೇಳ್ರಪ್ಪೋ ಕೇಳಿ! ಈ ಹೊಲ ಅರಮನೆ ಕೊಂಡಾಯ್ತು. ಇನ್ನು ಇಲ್ಲಿ ಉಳೋ ಹಾಗಿಲ್ಲ, ಕಡಿಯೋ ಹಾಗಿಲ್ಲ. ಹನ್ನೊಂದು ತಿಂಗಳು ಇದು ಪ್ರಾಣಿ ಪಕ್ಷಿಗಳದ್ದು. ಪುಷ್ಯ ಮಾಸ ಒಂದು ತಿಂಗಳು ಮಾತ್ರ ಊರವರು ಯಾರು ಬೇಕಾದರೂ ಬೇಟೆ ಆಡಬಹುದು!"

ಕಾಪಾಡುವವರೇ ಬೇಟೆಗೂ ಬಿಡುತ್ತಾರೆಯೇ ಎಂದು ನೀವು ಕೇಳುತ್ತೀರಿ. ಆ ದೊರೆ ಹಾಗೆ ಯೋಚಿಸಿದ್ದ: ಪ್ರಾಣಿಗಳಿಗೆ ಒಂದು ನೆಲೆ ಬೇಕು, ಬೇಟೆಯ ಆಸೆಯಿರುವ ಜನಕ್ಕೂ ಒಂದು ಜಾಗ ಬೇಕು. ಅವನು ಅದನ್ನು ಮುಚ್ಚಿಡಲಿಲ್ಲ. ಡಂಗುರ ಹೊಡೆಸಿಯೇ ಹೇಳಿದ.

ಸಾರಿದ್ದನ್ನು ಇಬ್ಬರು ಕೇಳಿಸಿಕೊಂಡರು. ಪೊದೆಯಲ್ಲಿದ್ದ ಮೊಲ, ಕೆರೆಯಂಚಿನಲ್ಲಿದ್ದ ಮುದಿ ಟಿಟ್ಟಿಭ ಹಕ್ಕಿ.

ಮಳೆ ಬಿತ್ತು. ಉಳದ ಹೊಲದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆಯಿತು. ಮೊಲ ಒಂದೇ ಓಟಕ್ಕೆ ಕಲ್ಲುಗುಡ್ಡಕ್ಕೆ ಹೋಯಿತು. ಅಲ್ಲಿ ಗೌಜಲಹಕ್ಕಿಯೊಂದು ಐದು ಮರಿಗಳನ್ನು ಕಟ್ಟಿಕೊಂಡು ಕಲ್ಲು ಕೆದಕುತ್ತಿತ್ತು. ಪಕ್ಕದಲ್ಲಿ ಒಂದು ಕುಂಟು ಜಿಂಕೆ.

"ಗೌಜಲಕ್ಕಾ, ಹೊಲ ಈಗ ನಮ್ಮದು! ಅರಮನೆಯ ಅಪ್ಪಣೆಯಾಗಿದೆ. ಬಂದುಬಿಡಿ" ಎಂದಿತು ಮೊಲ.

"ಪೂರ್ತಿ ನಮ್ಮದಾ ಮೊಲಣ್ಣ?"

ಪುಷ್ಯ ಮಾಸದ ಮಾತು ಮೊಲದ ನಾಲಿಗೆಯ ತುದಿಯವರೆಗೆ ಬಂತು. ಹೇಳಿದರೆ ಇವರು ಬರದಿದ್ದರೆ? ಮತ್ತೆ ನೆರಳಿನ ಜೊತೆ ಮಾತಾಡಬೇಕಾದರೆ?

"ಪೂರ್ತಿ" ಎಂದಿತು ಮೊಲ.

ಎಲ್ಲರೂ ಬಂದರು. ಬೆಳಗಾದರೆ ಗೌಜಲಕ್ಕನ ಕೂಗು, ಮಧ್ಯಾಹ್ನ ಮರಿಗಳ ಜಗಳ, ಸಂಜೆ ಜಿಂಕೆಯ ಹಳೆಯ ಕತೆ. "ಊಟ ಆಯ್ತಾ ಮೊಲಣ್ಣ?" ಎಂದು ಎಲ್ಲರೂ ಕೇಳುವವರೇ. ನಾಳೆ ಹೇಳೋಣ ಎಂದುಕೊಂಡಿತು ಮೊಲ. ಆ ನಾಳೆಯೂ ಸೊಗಸಾಗಿತ್ತು, ಹಾಗಾಗಿ ಹೇಳಲಿಲ್ಲ.

ಚಳಿ ಶುರುವಾದಾಗ ಟಿಟ್ಟಿಭ ಬಂತು. "ಪುಷ್ಯಕ್ಕೆ ಎಂಟೇ ದಿನ. ಹೇಳಿದೆಯಾ?"

"ಹೇಳಿದರೆ ಹೊರಟುಹೋಗುತ್ತಾರೆ ಅಜ್ಜಿ."

"ನೀನು ಹೇಳದಿದ್ದರೆ ನಾನು ಹೇಳುತ್ತೇನೆ."

ಹಾಗೆಯೇ ಹೊಲದ ನಡುವೆ ನಿಂತು ಕೂಗಿತು: "ಬೇಟೆಗಾರರು ಬರ್ತಾರೆ! ಗುಡ್ಡಕ್ಕೆ ಹೋಗಿ!"

ಎಲ್ಲರೂ ಮೊಲದ ಮುಖ ನೋಡಿದರು.

ಟಿಟ್ಟಿಭ ಆಡು ಕಂಡರೂ ಕಿರುಚುವ ಹಕ್ಕಿ; ನಿಮಗೂ ಗೊತ್ತಿರಬಹುದು. ಮೊಲಕ್ಕೆ ಅದೇ ಸಾಕಾಯಿತು. "ಅಜ್ಜಿ ನಿನ್ನೆ ಮೋಡ ನೋಡಿಯೂ ಹೀಗೇ ಕಿರುಚಿದಳು" ಎಂದು ನಕ್ಕಿತು. ಮರಿಗಳೂ ನಕ್ಕವು. ಟಿಟ್ಟಿಭ ನಗಲಿಲ್ಲ. ಕೆರೆಯ ಕಡೆಗೆ ಹಾರಿಹೋಯಿತು.

ಎಂಟನೆಯ ಬೆಳಗ್ಗೆ ನಾಲ್ಕು ಕಲ್ಲುಗಳ ಕಡೆಯಿಂದಲೂ ತಮಟೆ ಕೇಳಿಸಿತು. ನಾಯಿಗಳು, ಬಲೆಗಳು, ಜನ. ಟಿಟ್ಟಿಭ ಆಕಾಶದಲ್ಲಿ ಕಿರುಚಿತು. "ಅಜ್ಜಿಗೆ ಮತ್ತೆ ಮೋಡ ಕಂಡಿತು" ಎಂದವು ಮರಿಗಳು. ಮೊಲ ಮಾತ್ರ ಪೊದೆಯಲ್ಲಿ ಮೈಯನ್ನು ಮಣ್ಣಿಗೆ ಅಂಟಿಸಿ ಮಲಗಿತ್ತು. ಅದಕ್ಕೆ ಗೊತ್ತಿತ್ತಲ್ಲ.

ಕುಂಟು ಜಿಂಕೆ ಕಲ್ಲು ದಾಟಲಿಲ್ಲ. ಗೌಜಲಕ್ಕ ದಾಟಿತು, ಮೂರು ಮರಿಗಳೊಂದಿಗೆ.

ಪುಷ್ಯ ಮುಗಿಯಿತು. ಜನ ಬರುವುದು ನಿಂತಿತು. ಮೊಲ ಗುಡ್ಡಕ್ಕೆ ಹೋಗಿ ದೂರದಲ್ಲೇ ನಿಂತಿತು.

"ಗೌಜಲಕ್ಕಾ, ಇನ್ನು ಹನ್ನೊಂದು ತಿಂಗಳು ಯಾರೂ ಬರುವುದಿಲ್ಲ. ಈ ಸಲ ಪೂರ್ತಿ ಹೇಳುತ್ತಿದ್ದೇನೆ."

ಗೌಜಲಕ್ಕ ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಂಡಿತು. "ಅವತ್ತೇ ಹೇಳಿದ್ದರೆ ಹನ್ನೊಂದು ತಿಂಗಳು ನಿನ್ನ ಜೊತೆ ಇರುತ್ತಿದ್ದೆವು. ಒಂದು ತಿಂಗಳು ಇಲ್ಲಿ ಕಲ್ಲು ಕೆದಕಿ, ಮತ್ತೆ ನಿನ್ನ ಹತ್ತಿರವೇ ಬರುತ್ತಿದ್ದೆವು. ನಾವು ಒಲ್ಲೆವು ಅಂತ ನಿನಗೆ ಯಾರು ಹೇಳಿದ್ದು?"

ಮೊಲ ಒಂಟಿಯಾಗಿಯೇ ಹೊಲಕ್ಕೆ ಮರಳಿತು.

ಮರುವರ್ಷ ಹುಲ್ಲು ಇನ್ನೂ ಎತ್ತರ ಬೆಳೆಯಿತು. ಅಷ್ಟು ಹುಲ್ಲಿಗೆ ಒಂದೇ ಮೊಲ. ಸಂಜೆ ಅದು ಬದುವಿನ ಮೇಲೆ ಕೂತು ಕಿವಿ ಅಲ್ಲಾಡಿಸಿತು. ನೆರಳೂ ಅಲ್ಲಾಡಿಸಿತು.

"ಊಟ ಆಯ್ತಾ?" ಎಂದಿತು ಮೊಲ.

ನೀತಿ: ಜೊತೆ ತಪ್ಪೀತೆಂಬ ಭಯಕ್ಕೆ ಅರ್ಧ ನಿಜ ಹೇಳಿದವನು ಇದ್ದ ಜೊತೆಯನ್ನೂ ಕಳೆದುಕೊಳ್ಳುತ್ತಾನೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಕ್ಕಳೇ. ಮೊಲ ಕೆಟ್ಟದ್ದಲ್ಲ, ಅದಕ್ಕೆ ಬೇಕಾಗಿದ್ದದ್ದು ಯಾರಾದರೂ ತನ್ನನ್ನು ಊಟಕ್ಕೆ... ಇರಿ, ಒಳಗಿನಿಂದ ಅಕ್ಕ ಕೂಗುತ್ತಿದ್ದಾಳೆ, ಊಟ ಆಯ್ತಾ ಅಂತ. ಬಂದೆ ಅಕ್ಕಾ, ಇನ್ನೂ ಇಲ್ಲ, ಬಂದೆ