ಬಳೆ ಹೆಚ್ಚಿದ ಅಂಗಡಿ

"ನಾನು ಕೈಯಿಟ್ಟ ಅಂಗಡಿ ಹೆಚ್ಚದೆ ಬಿಟ್ಟದ್ದೇ ಇಲ್ಲ, ಮಹಾಪ್ರಭು!"

ಹೀಗೆಂದು ಶಾಲು ಕೊಡವಿ ನಿಂತವರು ವ್ಯಾಪಾರವೃದ್ಧಿ ವಿಶಾರದ ಮಾರ್ತಾಂಡ ಪಂಡಿತರು. ಅವರು ಅಂಗಡಿ ಇಟ್ಟವರಲ್ಲ, ತಕ್ಕಡಿ ಹಿಡಿದವರೂ ಅಲ್ಲ. ಅಂಗಡಿ ಇಟ್ಟವರಿಗೆ ಸಲಹೆ ಕೊಡುವುದೇ ಅವರ ಕಸುಬು. ಎಳವೆಯಿಂದ ಮಠ, ಛತ್ರಗಳಲ್ಲೇ ಉಂಡು ಬೆಳೆದವರಾದ್ದರಿಂದ ಅಡುಗೆಮನೆಯ ಹೊಸ್ತಿಲನ್ನು ಕಣ್ಣಿನಿಂದಲೂ ಕಂಡಿರಲಿಲ್ಲ.

ಕಂಚುಗೋಡಿನ ದೊರೆ ವೀರಪ್ಪರಸನಿಗೆ ದೊಡ್ಡ ಶಾಲು ಕಂಡರೆ ಸಾಕು, ಕಣ್ಣು ಅರಳುತ್ತಿತ್ತು. "ಹಾಗಾದರೆ ನಮ್ಮ ಬೊಕ್ಕಸವನ್ನೂ ಹೆಚ್ಚಿಸುವಿರಾ?" ಎಂದ.

"ಬೊಕ್ಕಸವೇನು ಮಹಾ! ಮೊದಲು ಒಂದು ಪುಟ್ಟ ಅಂಗಡಿ ಕೊಟ್ಟು ಪರೀಕ್ಷಿಸಿ."

ಅರಮನೆಯ ಬಾಗಿಲಿಗೆ ಎದುರಾಗಿ ಚೆನ್ನಾಜಮ್ಮನ ಬಳೆ ಅಂಗಡಿ ಇತ್ತು. ಅತ್ತೆಯ ಕಾಲದಿಂದ ಬಂದ ಜಾಗ. ಅವಳ ಅನ್ನಕ್ಕೆ ಅದೊಂದೇ ದಾರಿ. ದೊರೆ ಅದರತ್ತಲೇ ಬೆರಳು ತೋರಿಸಿದ. "ನಿಮ್ಮ ಸಂಭಾವನೆ?"

"ಅರಮನೆಯಿಂದ ಬಿಡಿಗಾಸೂ ಬೇಡ. ಆ ಅಂಗಡಿಯಲ್ಲಿ ಏನೇನು ಹೆಚ್ಚುತ್ತದೋ ಅದರಲ್ಲಿ ಅರ್ಧ ನನಗೆ."

"ಹೆಚ್ಚದಿದ್ದರೆ?" ಎಂದ ಆಸ್ಥಾನದ ಸಂಕಣ್ಣ. ದೊರೆಯನ್ನು ನಗಿಸುವುದು ಅವನ ಕೆಲಸ. ದೊರೆ ಎಡವಿದಾಗ ಹಿಡಿದುಕೊಳ್ಳುವುದು ಸಂಬಳವಿಲ್ಲದ ಕೆಲಸ.

"ಹೆಚ್ಚದಿದ್ದರೆ ಆಕೆ ನನ್ನ ಮಾತು ಕೇಳಲಿಲ್ಲವೆಂದೇ ಅರ್ಥ. ಆಗ ಅಂಗಡಿಯ ಜಾಗವನ್ನೇ ನನಗೆ ಬಿಟ್ಟುಕೊಡಲಿ."

"ನ್ಯಾಯವಾದ ಮಾತು!" ಎಂದ ದೊರೆ.

ಸಂಕಣ್ಣನಿಗೆ ಮೈ ಉರಿಯಿತು. ಗೆದ್ದರೆ ಅರ್ಧ, ಸೋತರೆ ಪೂರ್ತಿ! ಆದರೆ ದೊರೆ ತುಂಬಿದ ಸಭೆಯಲ್ಲಿ ಆಡಿಬಿಟ್ಟಿದ್ದ, ಅಷ್ಟು ಜನರ ಮುಂದೆ ಅವನ ಮಾತನ್ನು ಹಿಂದಕ್ಕೆ ತಳ್ಳುವುದು ಆಗದ ಕೆಲಸ.

ಮರುದಿನ ಪಂಡಿತರು ಪಲ್ಲಕ್ಕಿಯಿಂದ ಇಳಿಯದೆಯೇ ಸಲಹೆ ಸುರಿಸಿದರು. "ನೆಲದ ಮೇಲೆ ಕೂತು ಒಬ್ಬೊಬ್ಬರ ಕೈ ನೀವಿ ಬಳೆ ತೊಡಿಸುವುದೆಂದರೇನು? ಬರೀ ಕಾಲಹರಣ! ಕೊಟ್ಟು ಕಳಿಸು, ಅವರೇ ತೊಟ್ಟುಕೊಳ್ಳಲಿ. ಕೊಂಡವರಿಗೆಲ್ಲ ಮೇಲೊಂದು ಬಳೆ ಕೊಸರು ಕೊಡುತ್ತೀಯಂತೆ, ನಿಲ್ಲಿಸು. ಬಳೆಗಳ ನಡುವೆ ಇದೇನು ಹುಲ್ಲು? ಕಿತ್ತು ಹಾಕು. ಎಲ್ಲವನ್ನೂ ಸೂರು ಮುಟ್ಟುವ ಹಾಗೆ ಪೇರಿಸು. ನೋಡಿದವರಿಗೆ ಸಿರಿ ಕಾಣಬೇಕು!"

ಇಷ್ಟು ಹೇಳಿ ಅರಮನೆಯ ಊಟಕ್ಕೆ ಹೋದವರು ಮತ್ತೆ ಅತ್ತ ತಲೆ ಹಾಕಲಿಲ್ಲ.

ಕೆಲವು ದಿನ ಕಳೆದು ಸಂಕಣ್ಣ ಹೋಗಿ ನೋಡಿದರೆ ಅಂಗಡಿಯಲ್ಲಿ ನರಪಿಳ್ಳೆ ಇಲ್ಲ. ಚೆನ್ನಾಜಮ್ಮ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು.

"ಗೌಡರ ಸೊಸೆ ತಾನೇ ಬಳೆ ಏರಿಸ್ಕೊಳ್ಳೋಕೆ ಹೋಗಿ ಕೈ ಕುಯ್ದುಕೊಂಡ್ಳು ಕಣಣ್ಣ. ಆಮೇಲೆ ಯಾರೂ ಬರ್ಲಿಲ್ಲ. ಆ ಪುಣ್ಯಾತ್ಮರ ಮಾತು ಕೇಳದಿದ್ರೆ ಜಾಗ ಹೋಗುತ್ತೆ, ಕೇಳಿದ್ರೆ..."

ಅಷ್ಟರಲ್ಲಿ ಬೀದಿಯಲ್ಲಿ ಒಂದು ಗಾಡಿ ಗಡಗಡನೆ ಹೋಯಿತು. ಸೂರಿನಿಂದ ಒಂದು ಸಾಲು ಬಳೆ ಛಳ್ಳೆಂದು ಜಾರಿ ಬಿತ್ತು.

"ಅಯ್ಯೋ, ಮತ್ತೆ ಬಳೆ ಹೆಚ್ಚಿದ್ವಲ್ಲಪ್ಪಾ!"

ಸಂಕಣ್ಣನ ಕಿವಿ ನೆಟ್ಟಗಾಯಿತು. "ಏನಾದ್ವು ಅಂದೆ?"

"ಇನ್ನೇನನ್ನಲಿ? ಮುತ್ತೈದೆಯರಿಗೆ ತೊಡಿಸೋ ವಸ್ತು. ಆ ಇನ್ನೊಂದು ಮಾತು ಬಳೆಗಾರ್ತಿ ಬಾಯಲ್ಲಿ ಬರಬಹುದಾ? ಮನೇಲಿ ಅಕ್ಕಿ ಮುಗಿದ್ರೂ ಹೆಚ್ಚಿದೆ ಅಂತಲೇ ತಾನೆ ಅನ್ನೋದು? ಈಗ ಅದೂ ಹೆಚ್ಚಿದೆ ಬಿಡು."

ಸಂಕಣ್ಣ ನಗಲು ಹೋದವನು ಅವಳ ಮುಖ ನೋಡಿ ತಡೆದುಕೊಂಡ. "ಚೂರೆಲ್ಲ ಬುಟ್ಟಿಗೆ ತುಂಬಿಡು ತಾಯಿ. ಸಭೆಯಲ್ಲಿ ಒಂದು ಸುಳ್ಳೂ ಹೇಳಬೇಡ. ಮನೆಯಲ್ಲಿ ಆಡೋ ಹಾಗೇ ಆಡು," ಎಂದ.

ಪರೀಕ್ಷೆಯ ದಿನ ಬಂತು. ಸಂಕಣ್ಣ ಹೇಳಿಕಳಿಸಿದ್ದರಿಂದ ಜಾಲರಿಯ ಹಿಂದೆ ರಾಣಿಯೂ ಅಂತಃಪುರದ ಹೆಂಗಸರೂ ನೆರೆದಿದ್ದರು.

"ನನ್ನ ಮಾತಿನಂತೆ ನಡೆದೆಯಾ?" ಎಂದರು ಪಂಡಿತರು.

"ಒಂದೂ ಬಿಡದೆ ನಡೆದೆ, ಬುದ್ಧಿ," ಎಂದಳು ಚೆನ್ನಾಜಮ್ಮ.

"ಬಳೆ?"

"ಹೆಚ್ಚಿವೆ. ದಿನಾ ಹೆಚ್ತಾನೇ ಇವೆ."

"ಮನೆಯಲ್ಲಿ ಅಕ್ಕಿ?"

"ಅದೂ ಹೆಚ್ಚಿದೆ."

"ಅಂಗಡಿ ದೀಪದ ವಿಷಯವನ್ನೂ ಹೇಳಮ್ಮ," ಎಂದ ಸಂಕಣ್ಣ.

"ಅದಂತೂ ಸಂಜೆಗೇ ದೊಡ್ಡದಾಗಿಬಿಡುತ್ತೆ."

ಜಾಲರಿಯ ಹಿಂದೆ ಕಿಸಕ್ಕೆಂದು ನಗು ಕೇಳಿತು. ಪಂಡಿತರು ಅದನ್ನು ಮೆಚ್ಚುಗೆಯೆಂದೇ ತಿಳಿದು ಅತ್ತ ಕೈಮುಗಿದರು.

"ಹೆಚ್ಚಿದ್ದನ್ನೆಲ್ಲ ಒಪ್ಪಿದಿರಾ ಪಂಡಿತರೇ?" ಸಂಕಣ್ಣ ಕೇಳಿದ.

"ಒಪ್ಪದೆ ಏನು? ಎಲ್ಲ ನನ್ನ ಸಲಹೆಯ ಫಲ!"

"ಅದು ಇಡೀ ಬೀದಿಗೇ ಗೊತ್ತು."

ಸಂಕಣ್ಣ ಚಪ್ಪಾಳೆ ತಟ್ಟಿದ. ಆಳುಗಳು ಬುಟ್ಟಿಗಳನ್ನು ತಂದಿಳಿಸಿ ಬಟ್ಟೆ ಸರಿಸಿದರು. ಒಳಗೆಲ್ಲ ಬಣ್ಣಬಣ್ಣದ ಚೂರು. ಮೇಲೆ ಒಂದು ಖಾಲಿ ಅಕ್ಕಿ ಮಡಕೆ, ಅದರೊಳಗೆ ತಣ್ಣಗಾದ ಹಣತೆ.

"ಇದೇನಿದು? ಬರೀ ಒಡೆದ ಬಳೆ!"

"ಬಿಡ್ತು ಅನ್ನಿ ಪಂಡಿತರೇ!" ಜಾಲರಿಯ ಹಿಂದಿನಿಂದ ರಾಣಿಯೇ ಕೂಗಿದಳು.

"ನಮ್ಮ ಮನೆಗಳಲ್ಲಿ ಬಳೆ ಒಡೆಯುವುದಿಲ್ಲ ಸ್ವಾಮಿ, ಹೆಚ್ಚುತ್ತದೆ," ಎಂದ ಸಂಕಣ್ಣ. "ಅಕ್ಕಿ ಮುಗಿದರೂ ಹೆಚ್ಚುತ್ತದೆ. ದೀಪ ಆರಿದರೆ ದೊಡ್ಡದಾಗುತ್ತದೆ. ನೀವೇ ಒಪ್ಪಿದ್ದೀರಿ, ಅರ್ಧ ನಿಮ್ಮ ಪಾಲು."

"ಉಳಿದರ್ಧ?" ದೊರೆ ಕೇಳಿದ.

"ಅದೂ ಅವರಿಗೇ, ಪ್ರಭು. ಕೊಸರು!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಾ ನಗುತ್ತಾ ತಟ್ಟನೆ ನಗು ನಿಲ್ಲಿಸಿದ. "ಸಂಕಣ್ಣ, ನಮ್ಮ ಬೊಕ್ಕಸ..."

"ಈ ಹೊತ್ತಿಗೆ ಎಷ್ಟು ಹೆಚ್ಚಿರುತ್ತಿತ್ತೋ, ಪ್ರಭು!"

ದೊರೆಗೆ ನಾಚಿಕೆಯಾಯಿತು. ಚೆನ್ನಾಜಮ್ಮನ ಅಂಗಡಿಗೆ ಅರಮನೆಯಿಂದಲೇ ಹೊಸ ಬಳೆ ತುಂಬಿಸಿಕೊಡುವಂತೆ ಅಪ್ಪಣೆ ಮಾಡಿದ. ಸಂಕಣ್ಣನಿಗೆ ತನ್ನ ಕೊರಳ ಹಾರವನ್ನೇ ತೆಗೆದು ಹಾಕಿದ. ಮೊದಲ ಬಳೆ ತನಗೇ ಬೇಕೆಂದು ರಾಣಿ ಜಾಲರಿಯಿಂದ ಕೈ ಚಾಚಿದಳು. ಚೆನ್ನಾಜಮ್ಮ ಅಲ್ಲೇ ನೆಲದ ಮೇಲೆ ಕೂತು ಆ ಕೈಯನ್ನು ಮೆಲ್ಲಗೆ ನೀವಿದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡಿತು.

ಪಂಡಿತರು ಶಾಲು ಬಿಗಿದುಕೊಂಡರು. "ಇಂಥ ಊರಿನಲ್ಲಿ ಒಂದು ಗಳಿಗೆಯೂ ಇರಲಾರೆ. ನಾನು ಹೋಗುತ್ತೇನೆ!"

ಚೆನ್ನಾಜಮ್ಮ ರೂಢಿಯಂತೆ ತಲೆಯೆತ್ತಿದಳು. "ಹೊರಡುವಾಗ ಹೋಗ್ತೀನಿ ಅನ್ನಬಾರದು ಬುದ್ಧಿ. ಬರ್ತೀನಿ ಅನ್ನಿ."

ಸಂಕಣ್ಣ ಓಡಿಬಂದು ಅವಳಿಗೆ ಕೈಮುಗಿದ.

"ನಿನ್ನ ದಮ್ಮಯ್ಯ ತಾಯಿ, ಇದೊಂದು ಮಾತು ಅವರು ಅಂದ ಹಾಗೇ ಇರಲಿ!"